ವರ್ಕ್‌ಶಾಪಿನ ಬಾಗಿಲಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ವಿಶ್ವವಿದ್ಯಾಲಯವೊಂದರ ಭೌತವಿಜ್ಞಾನ ವಿಭಾಗದ ವರ್ಕ್‌ಶಾಪಿಗೆ ಟರ್ನರ್ ಆಗಿ, ಅಂದರೆ ಲೋಹದ ತುಂಡನ್ನು ತಿರುಗಿಸಿ ಕಡೆಯುವ ಲೇತ್ ಯಂತ್ರ ನಡೆಸಲು, ಸೇರಿದವನು ನಾನು. ಈಗ ಅದರ ಉಸ್ತುವಾರಿ ನನ್ನದೇ. ಪ್ರತಿ ವರ್ಷ ಆಗಸ್ಟ್‌ನಲ್ಲಿ ಹೊಸ ಸಂಶೋಧನಾ ವಿದ್ಯಾರ್ಥಿಗಳು ಬರುತ್ತಾರೆ, ಹಿಂದಿನ ವರ್ಷದವರು ಕೇಳಿದ್ದನ್ನೇ ಕೇಳುತ್ತಾರೆ. ಬಾಗಿಲಲ್ಲಿ ನಿಂತು ಕೇಳಿದವು, ಇಮೇಲ್‌ನಲ್ಲಿ ಬಂದವು, ಊರಿನ ಕಡೆಯ ಹುಡುಗರು ಫೋನ್ ಮಾಡಿ ವಿಚಾರಿಸಿದವು, ಎಲ್ಲವನ್ನೂ ಆದಷ್ಟು ಅವರವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಲ ಸಲ ಬಂದವರಿಗೆ

ವಿಜ್ಞಾನ ವಿಭಾಗದಲ್ಲಿ ಲೇತ್ ಮೆಷಿನ್‌ಗೆ ಏನು ಕೆಲಸ ಸಾರ್?

ಯಾರೂ ಅಳೆಯದೆ ಇರುವುದನ್ನು ಅಳೆಯಲು ಹೊರಟರೆ ಅದಕ್ಕೆ ಬೇಕಾದ ಉಪಕರಣ ಯಾವ ಅಂಗಡಿಯಲ್ಲೂ ಇರುವುದಿಲ್ಲ. ಹುಣಸೆ ಬೀಜದಷ್ಟು ಸ್ಫಟಿಕವೊಂದನ್ನು ಆಯಸ್ಕಾಂತದ ಎರಡು ಧ್ರುವಗಳ ನಡುವಿನ 25 ಮಿಲಿಮೀಟರ್ ಸಂದಿಯಲ್ಲಿ ಅಲುಗದಂತೆ ನಿಲ್ಲಿಸಬೇಕು, ದ್ರವ ಸಾರಜನಕದಲ್ಲಿ ತಣ್ಣಗಿಡಬೇಕು, ಅದಕ್ಕೆ ನಾಲ್ಕು ತಂತಿ ಹೋಗಬೇಕು, ಮೇಲಿನಿಂದ ಬೆಳಕೂ ಬೀಳಬೇಕು. ಈ ಹಿಡಿಕೆಯನ್ನು ಯಾರು ಮಾರುತ್ತಾರೆ? ವಿದ್ಯಾರ್ಥಿ ಕಾಗದದ ಮೇಲೆ ಗೀಚಿಕೊಂಡು ಬರುತ್ತಾನೆ, ನಾವು ತಾಮ್ರದಲ್ಲಿ ಮಾಡಿಕೊಡುತ್ತೇವೆ. ನಿರ್ವಾತ ಕೋಶಗಳು, ಕನ್ನಡಿ ಹಿಡಿಯುವ ಸ್ಟ್ಯಾಂಡುಗಳು, ಎಲೆಕ್ಟ್ರೋಡ್‌ಗಳು, ಮುರಿದುಹೋದ ವಿದೇಶಿ ಪಂಪಿನ ಬಿಡಿಭಾಗಗಳು, ಎಲ್ಲವೂ ನಮ್ಮಲ್ಲಿಗೇ ಬರುತ್ತವೆ.

ಪೀಣ್ಯದ ಕಾರ್ಖಾನೆಗಳಿಗೆ ಕೊಟ್ಟರೆ ಎರಡು ದಿನದಲ್ಲಿ ಮಾಡಿಕೊಡುತ್ತಾರಂತೆ. ಇಲ್ಲೇ ಯಾಕೆ ಕಾಯಬೇಕು?

ಕೆಲವನ್ನು ನಾವೇ ಹೊರಗೆ ಕಳಿಸುತ್ತೇವೆ. ಲೇಸರ್ ಕಟಿಂಗ್, ಆನೊಡೈಸಿಂಗ್, ಒಂದೇ ತರಹದ ಐವತ್ತು ಪ್ಲೇಟುಗಳು, ಇವಕ್ಕೆ ಹೊರಗಿನವರೇ ಸರಿ. ಆದರೆ ಹೊರಗಿನ ಅಂಗಡಿ ಡ್ರಾಯಿಂಗ್‌ನಲ್ಲಿ ಇರುವುದನ್ನು ಮಾಡುತ್ತದೆ. ನಾವು "ಇದು ಯಾಕೆ?" ಎಂದು ಕೇಳುತ್ತೇವೆ. ಒಮ್ಮೆ ಒಬ್ಬಳು ಸ್ಟೇನ್‌ಲೆಸ್ ಸ್ಟೀಲ್ ತುಂಡಿನಲ್ಲಿ 2 ಮಿಲಿಮೀಟರ್ ವ್ಯಾಸದ, 90 ಮಿಲಿಮೀಟರ್ ಆಳದ ತೂತು ಬೇಕೆಂದು ಬಂದಳು. ಅಷ್ಟು ಆಳಕ್ಕೆ ಡ್ರಿಲ್ ಬಿಟ್ ನೆಟ್ಟಗೆ ಇಳಿಯುವುದಿಲ್ಲ, ಅಡ್ಡ ಹೋಗುತ್ತದೆ ಅಥವಾ ಒಳಗೇ ಮುರಿಯುತ್ತದೆ. ಯಾಕಮ್ಮಾ ಎಂದು ಕೇಳಿದರೆ ಒಂದು ತಂತಿ ದಾಟಿಸಬೇಕಿತ್ತಂತೆ. ಪಕ್ಕದಲ್ಲಿ ಒಂದು ತೋಡು ಕೊರೆದು ಮೇಲೆ ಪಟ್ಟಿ ಮುಚ್ಚಿದೆವು. ಅರ್ಧ ಗಂಟೆಯ ಕೆಲಸ.

ಇನ್ನೊಂದು ಕಾರಣವೂ ಇದೆ. ಪ್ರಯೋಗದ ಭಾಗ ಮೊದಲ ಸಲಕ್ಕೇ ಸರಿಹೋಗುವುದು ಅಪರೂಪ. ಮೂರು ಸಲ ಬದಲಾಗುವ ಜಾಬ್‌ಗೆ, ಅಂದರೆ ಮಾಡಿಕೊಡಬೇಕಾದ ತುಂಡಿಗೆ, ಮೂರು ಸಲ ಕೊಟೇಶನ್ ತರಿಸುತ್ತಾ ಕುಳಿತರೆ ನಿಮ್ಮ ಫೆಲೋಶಿಪ್ ಮುಗಿದುಹೋಗುತ್ತದೆ.

ಮೈಕ್ರಾನ್ ಅಂದರೆ ನಿಜವಾಗಿ ಎಷ್ಟು?

ಮಿಲಿಮೀಟರಿನ ಸಾವಿರದ ಒಂದು ಭಾಗ. ತಲೆಕೂದಲಿನ ದಪ್ಪ ಸುಮಾರು 50ರಿಂದ 100 ಮೈಕ್ರಾನ್. ಹೊಸಬರಿಗೆ ನಾನು ಮೈಕ್ರೋಮೀಟರ್ ಎಂಬ ಅಳತೆಯ ಸಾಧನ ಕೊಟ್ಟು ಅವರದೇ ಕೂದಲನ್ನು ಅಳೆಯಲು ಹೇಳುತ್ತೇನೆ. ಐದು ಸಲ ಅಳೆದರೆ ಐದು ಬೇರೆ ಸಂಖ್ಯೆ ಬರುತ್ತದೆ, ಏಕೆಂದರೆ ಬೆರಳ ಬಿಗಿ ಪ್ರತಿ ಸಲ ಬೇರೆ. ಹಿಂದುಗಡೆಯ ರಾಚೆಟ್ ತಿರುಗಿಸಿ ಕಟ ಕಟ ಎನ್ನುವವರೆಗೆ ಮಾತ್ರ ಬಿಗಿದರೆ ಸಂಖ್ಯೆಗಳು ಹತ್ತಿರ ಬರುತ್ತವೆ. ಅಷ್ಟು ಕಲಿತರೆ ಮೊದಲ ದಿನಕ್ಕೆ ಸಾಕು.

ನಾನೇ ಬಂದು ಮೆಷಿನ್ ಓಡಿಸಬಹುದೇ?

ತರಬೇತಿ ಮುಗಿಸಿದವರು ವಿದ್ಯಾರ್ಥಿಗಳ ಮೆಷಿನ್‌ಗಳನ್ನು ಬಳಸಬಹುದು, ಪಕ್ಕದಲ್ಲಿ ನಮ್ಮವರೊಬ್ಬರು ಇರುವಾಗ ಮಾತ್ರ. ದುಪಟ್ಟಾ, ಉಂಗುರ, ಬಿಟ್ಟ ಕೂದಲು, ಉದ್ದ ತೋಳಿನ ಸ್ವೆಟರ್ ಕೂಡದು. ಲೇತ್ ಮುಂದೆ ಕೈಗವಸು ಹಾಕಿಕೊಳ್ಳುವುದು ಸುರಕ್ಷಿತ ಎಂದು ಬಹಳ ಜನ ತಿಳಿದಿದ್ದಾರೆ. ಅದು ತಲೆಕೆಳಗಾದ ತಿಳಿವಳಿಕೆ: ತಿರುಗುವ ಜಾಬ್ ಕೈಗವಸಿನ ತುದಿ ಹಿಡಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಜಾಬ್ ಹಿಡಿಯುವ ಚಕ್ ಬಿಗಿಯುವ ಕೀಯನ್ನು ಚಕ್‌ನಲ್ಲೇ ಬಿಟ್ಟು ಕೈ ತೆಗೆದವರನ್ನು ಆ ದಿನ ಮನೆಗೆ ಕಳಿಸುತ್ತೇನೆ, ಪ್ರೊಫೆಸರ್ ಆಗಿದ್ದರೂ ಸರಿ. ಒಬ್ಬರನ್ನು ಕಳಿಸಿದ್ದೇನೆ.

ಕಂಪ್ಯೂಟರ್ ಹೇಳಿದಂತೆ ಕತ್ತರಿಸುವ ಸಿಎನ್‌ಸಿ ಯಂತ್ರ ಇರುವಾಗ ಈ ಹಳೆಯ ಲೇತ್‌ಗಳನ್ನು ಯಾಕೆ ಇಟ್ಟುಕೊಂಡಿದ್ದೀರಿ?

ಒಂದೇ ಒಂದು ಬುಶ್, ಅಂದರೆ ಸಣ್ಣ ಕೊಳವೆಯಂಥ ಭಾಗ, ಬೇಕಾದಾಗ ಪ್ರೋಗ್ರಾಂ ಬರೆಯುವಷ್ಟರಲ್ಲಿ ಕೈ ಲೇತ್‌ನಲ್ಲಿ ಜಾಬ್ ಮುಗಿದಿರುತ್ತದೆ. ವಕ್ರ ಮೇಲ್ಮೈ ಇದ್ದರೆ, ಮೂವತ್ತು ತೂತುಗಳು ಜಾಗ ತಪ್ಪದೆ ಬೀಳಬೇಕಿದ್ದರೆ ಸಿಎನ್‌ಸಿಗೆ ಎದುರಿಲ್ಲ. ನಮ್ಮ ದೊಡ್ಡ ಲೇತ್ ಎಚ್‌ಎಂಟಿಯದು, ಚಿಕ್ಕದು ಹರಿಹರದ ಮೈಸೂರು ಕಿರ್ಲೋಸ್ಕರ್‌ನದು. ಎಚ್‌ಎಂಟಿ 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಜನರಿಗೆ ಅದರ ಕೈಗಡಿಯಾರ ಮಾತ್ರ ನೆನಪಿದೆ. ನಮಗೆ ಎಚ್‌ಎಂಟಿ ಎಂದರೆ ಲೇತ್.

ಐಟಿಐ ಓದಿದವರಿಗೆ ಇಂಥ ಕಡೆ ಕೆಲಸ ಸಿಗುತ್ತದೆಯೇ? ಹೆಣ್ಣುಮಕ್ಕಳನ್ನು ಕಳಿಸಬಹುದೇ?

ಎರಡಕ್ಕೂ ಹೌದು. ಫಿಟ್ಟರ್, ಟರ್ನರ್, ಮೆಷಿನಿಸ್ಟ್ ಟ್ರೇಡ್‌ಗಳು ಎರಡು ವರ್ಷದವು. ಇನ್ನೂ ಆಳವಾಗಿ ಕಲಿಯಬೇಕೆಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ, ಅಂದರೆ ಎಲ್ಲರೂ ಜಿಟಿಟಿಸಿ ಎನ್ನುವ ಸಂಸ್ಥೆಯ, ಟೂಲ್ ಆಂಡ್ ಡೈ ಡಿಪ್ಲೊಮಾ ಇದೆ. ನಾವು ಸಂದರ್ಶನದಲ್ಲಿ ಒಂದು ಕಬ್ಬಿಣದ ತುಂಡು, ಒಂದು ಅರ, ಒಂದು ಮೂಲೆಮಟ್ಟ ಕೊಡುತ್ತೇವೆ. ಆರು ಮುಖವನ್ನೂ ಅರದಿಂದ ಉಜ್ಜಿ ಮಟ್ಟ ಮಾಡಿ, ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದಾಗ ಸಂದಿಯಲ್ಲಿ ಬೆಳಕು ಕಾಣಬಾರದು. ಕಳೆದ ಸಲ ಈ ಪರೀಕ್ಷೆಯಲ್ಲಿ ಮೊದಲು ಬಂದವಳು ತುಮಕೂರು ಕಡೆಯ ಹುಡುಗಿ.

ಇಂಥ ವರ್ಕ್‌ಶಾಪ್‌ಗಳಿಂದ ನಿಜವಾಗಿಯೂ ದೊಡ್ಡ ವಿಜ್ಞಾನ ಬಂದಿದೆಯೇ?

ನನಗೆ ಬಹಳ ಇಷ್ಟವಾದದ್ದು ನೆದರ್‌ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ಕಥೆ. ಅಲ್ಲಿನ ಭೌತವಿಜ್ಞಾನಿ ಹೈಕೆ ಕಾಮರ್ಲಿಂಗ್ ಓನ್ಸ್ ಹೀಲಿಯಂ ಅನಿಲವನ್ನು ದ್ರವ ಮಾಡಲು ಹೊರಟಿದ್ದರು. ಅದಕ್ಕೆ ಬೇಕಾದ ಗಾಜಿನ ಮತ್ತು ಲೋಹದ ಕೆಲಸ ಮಾಡುವ ಕೈಗಳು ಸಾಕಷ್ಟು ಇರಲಿಲ್ಲ. ಹಾಗಾಗಿ 1901ರಲ್ಲಿ ಪ್ರಯೋಗಾಲಯದೊಂದಿಗೆ ಉಪಕರಣ ತಯಾರಕರ ಶಾಲೆಯನ್ನೇ ಕಟ್ಟಿದರು. ಹುಡುಗರು ಓದುತ್ತಲೇ ಪ್ರಯೋಗಾಲಯದ ಕೆಲಸ ಮಾಡುತ್ತಿದ್ದರು. ಮುಖ್ಯ ಮೆಕ್ಯಾನಿಕ್ ಖೆರಿಟ್ ಫ್ಲಿಮ್, ಗಾಜಿನ ಕೆಲಸಕ್ಕೆ ಆಸ್ಕರ್ ಕೆಸ್ಸೆಲ್‌ರಿಂಗ್. 1908ರ ಜುಲೈ 10ರಂದು ಬೆಳಗಿನ ಜಾವ ಶುರುವಾದ ಕೆಲಸ ಸಂಜೆಗೆ ಫಲ ಕೊಟ್ಟಿತು: ಒಂದು ಸಣ್ಣ ಲೋಟದಷ್ಟು ದ್ರವ ಹೀಲಿಯಂ, 4 ಕೆಲ್ವಿನ್, ಅಂದರೆ ಮೈನಸ್ 269 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಾಪದಲ್ಲಿ. ಮೂರು ವರ್ಷದ ಮೇಲೆ ಅದೇ ಪ್ರಯೋಗಾಲಯದಲ್ಲಿ ಅತಿವಾಹಕತೆ, ಅಂದರೆ ವಿದ್ಯುತ್ತು ತಡೆಯಿಲ್ಲದೆ ಹರಿಯುವ ಗುಣ, ಕಂಡಿತು. 1923ರಲ್ಲಿ ಟೊರಾಂಟೊದಲ್ಲಿ ಸಾಧ್ಯವಾಗುವವರೆಗೆ ಹೀಲಿಯಂ ಅನ್ನು ದ್ರವ ಮಾಡಲು ಬರುತ್ತಿದ್ದುದು ಜಗತ್ತಿನಲ್ಲಿ ಲೈಡನ್‌ಗೆ ಮಾತ್ರ. ಸೂತ್ರಗಳು ಎಲ್ಲರಿಗೂ ಗೊತ್ತಿದ್ದವು, ಫ್ಲಿಮ್ ಎಲ್ಲರ ಬಳಿ ಇರಲಿಲ್ಲ. ಆ ಶಾಲೆ ಇಂದಿಗೂ ನಡೆಯುತ್ತಿದೆ.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ರೋಲೆಂಡ್ 1880ರ ದಶಕದಲ್ಲಿ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಲು ಲೋಹದ ಕನ್ನಡಿಯ ಮೇಲೆ ವಜ್ರದ ಮೊನೆಯಿಂದ ಇಂಚಿಗೆ 14,438 ಗೆರೆ ಎಳೆಯುವ ಯಂತ್ರ ಕಟ್ಟಿದರು. ಎರಡು ಗೆರೆಗಳ ನಡುವೆ ಎರಡು ಮೈಕ್ರಾನ್‌ಗಿಂತ ಕಡಿಮೆ. ಆ ಯಂತ್ರದ ಜೀವ ಇದ್ದದ್ದು ಒಂದು ಸ್ಕ್ರೂನಲ್ಲಿ. ನಮ್ಮಲ್ಲಿ, 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದ ಸಿ.ವಿ. ರಾಮನ್ ಭೌತವಿಜ್ಞಾನ ವಿಭಾಗ ತೆರೆದಾಗಲೇ ನಿಖರ ಉಪಕರಣಗಳನ್ನು ಅಲ್ಲೇ ತಯಾರಿಸುವ ಕೇಂದ್ರ ಕಾರ್ಯಾಗಾರಕ್ಕೂ ಒತ್ತು ಕೊಟ್ಟರು.

## ಡ್ರಾಯಿಂಗ್ ತರುವವರಿಗೆ

ಕ್ಯಾಡ್ ಫೈಲ್ ಕಳಿಸಿದ್ದೇನಲ್ಲ, ಡ್ರಾಯಿಂಗ್ ಬೇರೆ ಯಾಕೆ?

ಕಂಪ್ಯೂಟರಿನಲ್ಲಿ ಬಿಡಿಸಿದ ಫೈಲ್ ಆಕಾರ ಹೇಳುತ್ತದೆ, ಯಾವ ಅಳತೆ ಮುಖ್ಯ ಎಂದು ಹೇಳುವುದಿಲ್ಲ. ಯಾವ ತೂತಿನಲ್ಲಿ ಸ್ಕ್ರೂ ಕೂರುವ ಸುರುಳಿ ಗೆರೆ, ಅಂದರೆ ಥ್ರೆಡ್ ಇರಬೇಕು, ಯಾವ ಮುಖ ನುಣುಪಾಗಿರಬೇಕು, ಯಾವ ಎರಡು ಭಾಗ ಒಂದರೊಳಗೊಂದು ಕೂರಬೇಕು, ಇವು ಕಾಗದದ ಮೇಲೆ ಬರಬೇಕು.

ಒಂದು ಎಚ್ಚರಿಕೆ: ವಸ್ತುವಿನ ಬದಿಯ ನೋಟವನ್ನು ಹಾಳೆಯ ಯಾವ ಕಡೆ ಬಿಡಿಸಬೇಕು ಎಂಬುದಕ್ಕೆ ನಮ್ಮ ದೇಶದಲ್ಲಿ ಫಸ್ಟ್ ಆಂಗಲ್ ಪದ್ಧತಿ ಬಳಕೆಯಲ್ಲಿದೆ, ಅಮೆರಿಕದಲ್ಲಿ ಥರ್ಡ್ ಆಂಗಲ್. ಸಾಫ್ಟ್‌ವೇರ್ ತನ್ನಷ್ಟಕ್ಕೆ ಥರ್ಡ್ ಆಂಗಲ್‌ನಲ್ಲಿ ಹಾಳೆ ಬಿಡಿಸಿ, ಮೂಲೆಯ ಚಿಹ್ನೆಯನ್ನು ಯಾರೋ ಅಳಿಸಿಬಿಟ್ಟರೆ ಎಡಗಡೆಯ ನೋಟವನ್ನು ನಾವು ಬಲಗಡೆಯದು ಎಂದು ಓದುತ್ತೇವೆ. ಹಾಗೆ ತಯಾರಾದ ಒಂದು ಬ್ರಾಕೆಟ್ ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ತೂಕಕ್ಕೆ ಕುಳಿತಿದೆ. ಕನ್ನಡಿಯಲ್ಲಿ ನೋಡಿದರೆ ಸರಿಯಾಗಿದೆ.

ಎಲ್ಲ ಅಳತೆಗೂ ±0.01 ಮಿಲಿಮೀಟರ್ ಹಾಕಿಬಿಟ್ಟರೆ ಒಳ್ಳೆಯದಲ್ಲವೇ? ಕೇಳುವುದು ಕೇಳಿದ್ದಾಯಿತು.

ಇದು ಸಂತೆಯಲ್ಲಿ ಚೌಕಾಸಿ ಮಾಡಿದಂತಲ್ಲ. ಟಾಲರೆನ್ಸ್ ಎಂದರೆ ಎಷ್ಟು ಹೆಚ್ಚುಕಡಿಮೆಯಾದರೂ ನಿಮ್ಮ ಪ್ರಯೋಗ ನಡೆಯುತ್ತದೆ ಎಂಬ ಮಾತು. ನಾಲ್ಕು ಸ್ಕ್ರೂ ದಾಟಿಹೋಗುವ ಪ್ಲೇಟಿಗೆ ±0.2 ಸಾಕು, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಅದಕ್ಕೇ ±0.01 ಬರೆದರೆ ಡಯಲ್ ಗೇಜ್ ಹಿಡಿದು ಸೆಟ್ ಮಾಡಬೇಕು, ಪ್ರತಿ ತೂತನ್ನೂ ಬೋರ್ ಮಾಡಬೇಕು, ಜಾಬ್ ತಣ್ಣಗಾಗುವವರೆಗೆ ಕಾದು ಅಳೆಯಬೇಕು. ಒಂದು ದಿನ ಹೋಗುತ್ತದೆ, ನಿಮ್ಮ ಹಿಂದೆ ನಿಂತವರ ದಿನವೂ ಹೋಗುತ್ತದೆ.

ಬಿಗಿ ಬೇಕಾದ ಕಡೆ ಮುಲಾಜಿಲ್ಲದೆ ಬರೆಯಿರಿ. 25 ಮಿಲಿಮೀಟರ್ ಶಾಫ್ಟ್ ಒಂದು ತೂತಿನಲ್ಲಿ ಸಡಿಲವೂ ಆಗದೆ ಸಿಕ್ಕಿಕೊಳ್ಳದೆಯೂ ಜಾರಬೇಕು ಎಂದರೆ ತೂತಿಗೆ ಎಚ್7, ಶಾಫ್ಟಿಗೆ ಜಿ6 ಎಂಬ ಸಂಕೇತ ಬರೆದರೆ ಸಾಕು. ಆಗ ತೂತು 25ಕ್ಕಿಂತ ಹೆಚ್ಚೆಂದರೆ 21 ಮೈಕ್ರಾನ್ ದೊಡ್ಡದು, ಶಾಫ್ಟ್ 7ರಿಂದ 20 ಮೈಕ್ರಾನ್ ಚಿಕ್ಕದು. ನೂರು ಅಳತೆಯ ಡ್ರಾಯಿಂಗ್‌ನಲ್ಲಿ ಇಂಥವು ಮೂರೋ ನಾಲ್ಕೋ ಇರುತ್ತವೆ.

ಯಾವ ಲೋಹದಲ್ಲಿ ಮಾಡಿಸಲಿ?

ಏನೂ ತೋಚದಿದ್ದರೆ ಅಲ್ಯೂಮಿನಿಯಂ. 6061 ದರ್ಜೆಯದು ಅಥವಾ ನಮ್ಮ ಪೇಟೆಯಲ್ಲಿ ಎಚ್‌ಇ30 ಎಂದು ಸಿಗುವುದು, ಎರಡೂ ಚೆನ್ನಾಗಿ ಕತ್ತರಿಸಿಕೊಳ್ಳುತ್ತವೆ. ನಿರ್ವಾತಕ್ಕೆ 304 ಅಥವಾ 316ಎಲ್ ಸ್ಟೇನ್‌ಲೆಸ್. ಶಾಖ ಬೇಗ ಹರಿಯಬೇಕಿದ್ದರೆ ತಾಮ್ರ, ಆದರೆ ಶುದ್ಧ ತಾಮ್ರ ಟೂಲ್‌ಗೆ ಬೆಲ್ಲದ ಪಾಕದಂತೆ ಅಂಟುತ್ತದೆ, ನಮ್ಮವರು ಗೊಣಗಿದರೆ ಬೇಸರಿಸಬೇಡಿ. ಸೂಕ್ಷ್ಮ ಆಯಸ್ಕಾಂತ ಕ್ಷೇತ್ರ ಅಳೆಯುವವರು 304 ಅನ್ನು ನಂಬಬೇಡಿ. ಬಗ್ಗಿಸಿದ, ಒತ್ತಿದ ಕಡೆ ಅದು ತುಸು ಆಯಸ್ಕಾಂತದ ಗುಣ ತೋರಿಸುತ್ತದೆ.

ಹೊಸ ಆಪ್ಟಿಕಲ್ ಟೇಬಲ್ ಬಂದಿದೆ, ನೀವು ಮಾಡಿದ ಪ್ಲೇಟಿನ ತೂತು ಒಂದೂ ಕೂಡುತ್ತಿಲ್ಲ!

ಕನ್ನಡಿ, ಲೆನ್ಸ್ ಬಿಗಿಯಲು ತೂತುಗಳಿರುವ ನಿಮ್ಮ ಟೇಬಲ್ ಇಂಚಿನದು, ಪ್ಲೇಟ್ ಮೆಟ್ರಿಕ್. ಮೆಟ್ರಿಕ್ ಟೇಬಲ್‌ನಲ್ಲಿ 25 ಮಿಲಿಮೀಟರಿಗೊಂದು ತೂತು, ಎಂ6, ಅಂದರೆ 6 ಮಿಲಿಮೀಟರ್ ಥ್ರೆಡ್. ಇಂಚಿನ ಟೇಬಲ್‌ನಲ್ಲಿ 25.4ಕ್ಕೆ ಒಂದು, ಕಾಲು ಇಂಚಿನ ಥ್ರೆಡ್. ಮೊದಲ ತೂತು ಕೂಡಿದಂತೆ ಕಂಡರೂ ಹತ್ತು ತೂತು ದಾಟುವಷ್ಟರಲ್ಲಿ 4 ಮಿಲಿಮೀಟರ್ ಆಚೆ ಹೋಗಿರುತ್ತದೆ. ಆರ್ಡರ್ ಹಾಕುವ ಮೊದಲು ನೋಡಿಕೊಳ್ಳಿ. ಬಂದ ಮೇಲೆ ನಾವು ಮಾಡಬಹುದಾದದ್ದು ತೂತುಗಳನ್ನು ಉದ್ದಕ್ಕೆ ಸೀಳುವುದು ಮಾತ್ರ.

ತ್ರೀಡಿ ಪ್ರಿಂಟ್ ಮಾಡಿಕೊಂಡರೆ ಸಾಲದೇ?

ಮಾದರಿಗೆ, ಕೇಬಲ್ ಹಿಡಿಕೆಗೆ, ಮುಚ್ಚಳಕ್ಕೆ ಧಾರಾಳವಾಗಿ ಮಾಡಿಕೊಳ್ಳಿ. ಡ್ರಾಯಿಂಗ್ ತರುವ ಮೊದಲು ಒಂದು ಪ್ರಿಂಟ್ ತೆಗೆದು ಕೈಯಲ್ಲಿ ಹಿಡಿದು ನೋಡಿದವರ ತಪ್ಪುಗಳು ಅರ್ಧ ಕಡಿಮೆ. ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಹತ್ತಿರವೇ ಮೆತ್ತಗಾಗುತ್ತದೆ. ನಿರ್ವಾತದೊಳಗೆ ಮಾತ್ರ ಬೇಡ, ಪದರಗಳ ನಡುವೆ ಗಾಳಿ ಕುಳಿತಿರುತ್ತದೆ.

## ಆಳಕ್ಕೆ ಇಳಿದವರಿಗೆ

ನಿನ್ನೆ ಅಳೆದಾಗ ಸರಿಯಿತ್ತು, ಇವತ್ತು ಚಿಕ್ಕದಾಗಿದೆ. ಯಾರಾದರೂ ಮುಟ್ಟಿದರೇ?

ಯಾರೂ ಮುಟ್ಟಿಲ್ಲ, ಅದು ತಣ್ಣಗಾಯಿತು. ಏಪ್ರಿಲ್ ಮಧ್ಯಾಹ್ನ ಒಬ್ಬ ವಿದ್ಯಾರ್ಥಿ 100 ಮಿಲಿಮೀಟರ್ ಅಲ್ಯೂಮಿನಿಯಂ ಜಾಬ್ ಅನ್ನು ಚಕ್‌ನಿಂದ ಬಿಚ್ಚಿದ ಕೂಡಲೇ ಅಳೆದು, ಸರಿಯಿದೆ ಎಂದು ಖುಷಿಯಾಗಿ ಹೋದ. ಬೆಳಗ್ಗೆ ಬಂದು ನೋಡಿದರೆ ಮೂವತ್ತಕ್ಕೂ ಹೆಚ್ಚು ಮೈಕ್ರಾನ್ ಕಡಿಮೆ. ಅಲ್ಯೂಮಿನಿಯಂ ಪ್ರತಿ ಮೀಟರಿಗೆ ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ಕತ್ತರಿಸುವಾಗ ಹುಟ್ಟಿದ ಶಾಖದಿಂದ ಜಾಬ್ 15 ಡಿಗ್ರಿ ಬಿಸಿಯಾಗಿತ್ತು ಎಂದುಕೊಂಡರೆ ಲೆಕ್ಕ ಸರಿಹೋಗುತ್ತದೆ.

ಅಳತೆಗಳನ್ನು 20 ಡಿಗ್ರಿ ಸೆಲ್ಸಿಯಸ್‌ಗೆ ಹೇಳಬೇಕೆಂದು 1931ರಲ್ಲೇ ಅಂತರರಾಷ್ಟ್ರೀಯವಾಗಿ ಒಪ್ಪಿಕೊಂಡಿದ್ದಾರೆ. ಉಕ್ಕಿನ ಜಾಬ್ ಅನ್ನು ಉಕ್ಕಿನ ಮೈಕ್ರೋಮೀಟರಿನಲ್ಲಿ 34 ಡಿಗ್ರಿಯಲ್ಲಿ ಅಳೆದರೂ ದೊಡ್ಡ ತೊಂದರೆಯಿಲ್ಲ, ಎರಡೂ ಜೊತೆಗೇ ಹಿಗ್ಗಿರುತ್ತವೆ. ಅಲ್ಯೂಮಿನಿಯಂ ಉಕ್ಕಿನ ಎರಡರಷ್ಟು ಹಿಗ್ಗುವುದರಿಂದ ಅಲ್ಲಿ ಮೋಸ ಹೋಗುತ್ತೇವೆ. ಹಿಗ್ಗಲೇಬಾರದು ಎನ್ನುವವರಿಗೆ ಇನ್ವಾರ್ ಇದೆ, ಕಬ್ಬಿಣಕ್ಕೆ 36 ಪ್ರತಿಶತ ನಿಕ್ಕಲ್ ಬೆರೆಸಿದ ಮಿಶ್ರಲೋಹ. 1896ರಲ್ಲಿ ಇದನ್ನು ಕಂಡುಕೊಂಡ ಷಾರ್ಲ್ ಗಿಯೋಂ ಅವರಿಗೆ 1920ರ ಭೌತವಿಜ್ಞಾನದ ನೊಬೆಲ್ ಬಂತು.

ಲೀಕ್ ಡಿಟೆಕ್ಟರ್ ಏನೂ ತೋರಿಸುತ್ತಿಲ್ಲ, ಆದರೂ ನಿರ್ವಾತ ಚೇಂಬರಿನ ಒತ್ತಡ ಇಳಿಯುತ್ತಿಲ್ಲ. ಪಂಪ್ ಕೆಟ್ಟಿದೆಯೇ?

ಪಂಪನ್ನು ಬಿಚ್ಚುವ ಮೊದಲು ಒಳಗಿರುವ ಸ್ಕ್ರೂಗಳನ್ನು ನೋಡಿ. ತಳ ಮುಚ್ಚಿದ ತೂತಿಗೆ ಥ್ರೆಡ್ ಹಾಕಿ ಸ್ಕ್ರೂ ಬಿಗಿದರೆ ಅದರ ಬುಡದಲ್ಲಿ ಒಂದು ಹನಿ ಗಾಳಿ ಸೆರೆಯಾಗುತ್ತದೆ. ಪಂಪ್ ಓಡುತ್ತಿದ್ದಂತೆ ಆ ಗಾಳಿ ಥ್ರೆಡ್‌ನ ಸುರುಳಿ ಹಾದಿ ಹಿಡಿದು, ದಿನಗಟ್ಟಲೆ, ಇಷ್ಟಿಷ್ಟೇ ಹೊರಗೆ ಬರುತ್ತದೆ. ಹೊರಗಿನಿಂದ ಹೀಲಿಯಂ ಊದಿದರೆ, ಒಳಗೆ ನುಗ್ಗಿದ ಹೀಲಿಯಂ ಹಿಡಿಯುವ ಡಿಟೆಕ್ಟರ್ ಸುಮ್ಮನಿರುತ್ತದೆ, ಏಕೆಂದರೆ ಗೋಡೆಯಲ್ಲಿ ತೂತೇ ಇಲ್ಲ, ಕಳ್ಳ ಮನೆಯೊಳಗೇ ಇದ್ದಾನೆ.

ಒಬ್ಬಳು ಹೀಗೆ ಒಂಬತ್ತು ದಿನ ಪಂಪ್ ಓಡಿಸಿ, ಗೇಜಿನ ಮುಳ್ಳು ಕದಲದೆ, ಅಳುವ ಮುಖ ಮಾಡಿಕೊಂಡು ಬಂದಳು. ಒಳಗೆ ನಾಲ್ಕು ಎಂ4 ಸ್ಕ್ರೂ ಇದ್ದವು. ನಾಲ್ಕನ್ನೂ ತೆಗೆದು ಥ್ರೆಡ್‌ನ ಒಂದು ಬದಿಯನ್ನು, ಗಾಳಿಗೆ ದಾರಿಯಾಗಲಿ ಎಂದು, ಅರದಿಂದ ಉದ್ದಕ್ಕೂ ಚಪ್ಪಟೆ ಮಾಡಿದೆ, ಅಂಚಿನಲ್ಲಿ ಉಳಿದ ಚೂಪು ಚೂರು ಉಜ್ಜಿ ತೆಗೆದೆ, ತೊಳೆದು ಹಾಕಿದೆವು. ಹತ್ತು ನಿಮಿಷದ ಕೆಲಸ. ಮಧ್ಯದಲ್ಲಿ ಉದ್ದಕ್ಕೆ ತೂತು ಇರುವ ಸ್ಕ್ರೂಗಳೂ ಸಿಗುತ್ತವೆ, ಬೆಲೆ ಜಾಸ್ತಿ.

ವೆಲ್ಡಿಂಗ್‌ನಲ್ಲೂ ಇದೇ ಮಾತು. ಗಟ್ಟಿಯಾಗಲಿ ಎಂದು ಒಳಗೂ ಹೊರಗೂ ಪೂರ್ತಿ ಬೆಸೆದರೆ ನಡುವೆ ಗಾಳಿ ಸಿಕ್ಕಿಬೀಳುತ್ತದೆ. ಒಳಗಡೆ ಮಾತ್ರ ಪೂರ್ತಿ ಬೆಸೆಯಬೇಕು, ಹೊರಗೆ ಬೇಕೆಂದರೆ ಅಲ್ಲಲ್ಲಿ ಒಂದು ಚುಕ್ಕೆ. ಚೇಂಬರ್ ಅನ್ನು ಬಿಸಿ ಮಾಡುವವರು ಹಿತ್ತಾಳೆಯನ್ನು ಒಳಗೆ ಬಿಡಬಾರದು, ಅದರ ಸತು ಆವಿಯಾಗಿ ಎಲ್ಲದಕ್ಕೂ ಬಳಿದುಕೊಳ್ಳುತ್ತದೆ. ತೊಳೆದ ಮೇಲೆ ಬರಿಗೈಯಲ್ಲಿ ಮುಟ್ಟಬಾರದು. ಚೇಂಬರಿನ ಬಾಯಿಗೆ ಬಿಗಿಯುವ ಫ್ಲಾಂಜ್ ಬಿಲ್ಲೆಯ ಚಾಕುವಿನಂಥ ಅಂಚನ್ನು ಕೆಳಮುಖ ಮಾಡಿ ಮೇಜಿನ ಮೇಲೆ ಇಡುವವರನ್ನು ಕಂಡರೆ ನನಗೆ ರಕ್ತದೊತ್ತಡ ಏರುತ್ತದೆ. ಆ ಅಂಚಿನಲ್ಲಿ ಒಂದು ಗೀರು ಬಿದ್ದರೆ ಎಷ್ಟು ಹೊಸ ತಾಮ್ರದ ಗ್ಯಾಸ್ಕೆಟ್ ಹಾಕಿದರೂ ಸೋರುತ್ತದೆ.

ದ್ರವ ಸಾರಜನಕಕ್ಕೆ ಇಳಿಸಿದ ಕೂಡಲೇ ಸ್ಯಾಂಪಲ್ ಸಡಿಲವಾಗುತ್ತದೆ. ಬಿಗಿಯಾಗಿಯೇ ಕಟ್ಟಿದ್ದೆನಲ್ಲ?

ನಡುವೆ ಟೆಫ್ಲಾನ್ ವಾಷರ್ ಇದೆಯೇ ನೋಡಿ. ಕೋಣೆಯ ತಾಪದಿಂದ ಮೈನಸ್ 196 ಡಿಗ್ರಿಗೆ ಇಳಿಯುವಾಗ ಅಲ್ಯೂಮಿನಿಯಂ 100 ಮಿಲಿಮೀಟರಿಗೆ 0.4ರಷ್ಟು, ಸ್ಟೇನ್‌ಲೆಸ್ ಮತ್ತು ತಾಮ್ರ 0.3ರಷ್ಟು ಕುಗ್ಗುತ್ತವೆ. ಟೆಫ್ಲಾನ್ ಹೆಚ್ಚುಕಡಿಮೆ 2 ಮಿಲಿಮೀಟರ್ ಕುಗ್ಗುತ್ತದೆ. ಸ್ಕ್ರೂಗಿಂತ ವಾಷರ್ ಹೆಚ್ಚು ಕುಗ್ಗಿದರೆ ಬಿಗಿ ಹೋಗದೆ ಇನ್ನೇನಾಗುತ್ತದೆ? ವಾಷರ್ ತೆಳುವಾಗಿಸಿ ಅಥವಾ ತಟ್ಟೆಯಾಕಾರದ ಸ್ಪ್ರಿಂಗ್ ವಾಷರ್ ಸೇರಿಸಿ, ಅದು ಹಿಂದೆಯೇ ಹಿಗ್ಗಿ ಒತ್ತಡ ಉಳಿಸಿಕೊಳ್ಳುತ್ತದೆ.

ಕನ್ನಡಿಯನ್ನು ತೆಗೆದು ಮತ್ತೆ ಇಟ್ಟರೆ ಕೂದಲೆಳೆಯಷ್ಟೂ ತಪ್ಪದೆ ಅದೇ ಜಾಗಕ್ಕೆ ಬರಬೇಕು. ನಾಲ್ಕು ಕಡೆ ಬಿಗಿದರೂ ಬರುತ್ತಿಲ್ಲ.

ನಾಲ್ಕು ಕಡೆ ಬಿಗಿದದ್ದೇ ತಪ್ಪು. ಅಜ್ಜಿ ಮನೆಯ ಒಲೆಗೆ ಮೂರು ಕಲ್ಲು ಇರುತ್ತಿದ್ದವು. ಕಲ್ಲುಗಳು ಹೇಗೇ ಇರಲಿ, ಮಡಕೆ ಅಲುಗುತ್ತಿರಲಿಲ್ಲ. ನಾಲ್ಕು ಕಾಲಿನ ಮೇಜು ನೆಲ ಸರಿಯಿಲ್ಲದಿದ್ದರೆ ಕುಂಟುತ್ತದೆ. ನಾಲ್ಕನೆಯ ಸ್ಕ್ರೂ ಬಿಗಿದಾಗ ಪ್ಲೇಟ್ ಬಗ್ಗುತ್ತದೆ, ಪ್ರತಿ ಸಲ ಬೇರೆ ರೀತಿ ಬಗ್ಗುತ್ತದೆ.

ಹಾಗಾಗಿ ಮೇಲಿನ ಪ್ಲೇಟಿನ ತಳಕ್ಕೆ ಮೂರು ಉಕ್ಕಿನ ಗುಂಡು, ಕೆಳಗಿನದರಲ್ಲಿ ಕೇಂದ್ರದ ಕಡೆ ಮುಖ ಮಾಡಿದ ಮೂರು ವಿ ಆಕಾರದ ತೋಡುಗಳು. ಪ್ರತಿ ಗುಂಡು ಎರಡು ಬಿಂದುಗಳಲ್ಲಿ ಮಾತ್ರ ತಾಗುತ್ತದೆ, ಒಟ್ಟು ಆರು. ಯಾವ ವಸ್ತುವಿಗಾದರೂ ಚಲಿಸಲು ಇರುವುದು ಆರೇ ದಾರಿ: ಮೂರು ಕಡೆ ಸರಿಯಬಹುದು, ಮೂರು ರೀತಿ ತಿರುಗಬಹುದು. ಆರಕ್ಕೆ ಆರು ಮುಚ್ಚಿದವು, ಏಳನೆಯದು ಜಗಳ ತೆಗೆಯಲು ಇಲ್ಲ. ಮೇಲಿನಿಂದ ಒಂದು ಸ್ಪ್ರಿಂಗ್ ಎಳೆತ ಕೊಟ್ಟರೆ ಸಾಕು.

ಪ್ರಬಂಧದಲ್ಲಿ ನಿಮ್ಮ ಹೆಸರು ಹಾಕಬೇಕೇ?

ಕೃತಜ್ಞತೆಯ ಸಾಲಿನಲ್ಲಿ ಹಾಕಿದರೆ ಸಂತೋಷ. ಉಪಕರಣದ ವಿನ್ಯಾಸವೇ ನಮ್ಮವರದಾಗಿದ್ದರೆ ಲೇಖಕರ ಪಟ್ಟಿಯಲ್ಲಿ ಹಾಕಬೇಕು ಎಂದು ನಾನು ಬಾಯಿಬಿಟ್ಟೇ ಕೇಳುತ್ತೇನೆ. ಕೇಂಬ್ರಿಜ್‌ನ ಜೆ.ಜೆ. ಥಾಮ್ಸನ್ 1897ರಲ್ಲಿ ಎಲೆಕ್ಟ್ರಾನ್ ಕಂಡ ಗಾಜಿನ ಕೊಳವೆಗಳನ್ನು ಊದಿದವರು ಎಬೆನೀಜರ್ ಎವೆರೆಟ್. ಥಾಮ್ಸನ್ ಅವರ ಕೈ ಒರಟು, ಉಪಕರಣ ಮುಟ್ಟದಂತೆ ಅವರನ್ನು ದೂರ ಇಡುತ್ತಿದ್ದರೆಂಬುದು ಆ ಪ್ರಯೋಗಾಲಯದ ಹಳೆಯ ತಮಾಷೆ. ಶಾಲೆಯ ಪಠ್ಯದಲ್ಲಿ ಥಾಮ್ಸನ್ ಇದ್ದಾರೆ.

ಎಲ್ಲವನ್ನೂ ಸರ್ಫೇಸ್ ಪ್ಲೇಟ್ ಎಂಬ ಸಪಾಟು ಹಲಗೆಯ ಮೇಲಿಟ್ಟು ಅಳೆಯುತ್ತೀರಿ. ಆ ಪ್ಲೇಟ್ ಮಟ್ಟವಾಗಿದೆ ಎಂದು ಯಾವುದರ ಮೇಲಿಟ್ಟು ನೋಡಿದರು?

ಇಷ್ಟು ವರ್ಷದಲ್ಲಿ ಇದನ್ನು ಕೇಳಿದವರು ಮೂರೇ ಜನ. ಮೂವರಿಗೂ ಚಹಾ ಕುಡಿಸಿದ್ದೇನೆ. ಉತ್ತರವೂ ಮೂರೇ: ಮೂರು ಪ್ಲೇಟು. ಎರಡನ್ನು ಒಂದಕ್ಕೊಂದು ಉಜ್ಜಿ ಕೂಡಿಸಿದರೆ ಒಂದು ಉಬ್ಬಿ ಇನ್ನೊಂದು ತಗ್ಗಿದ್ದರೂ ಅಚ್ಚುಕಟ್ಟಾಗಿ ಕೂಡುತ್ತವೆ, ಅಂಗೈಯಲ್ಲಿ ಲಿಂಬೆಹಣ್ಣು ಕೂತಂತೆ. ಮೂರನೆಯದನ್ನು ತಂದು ಎರಡರ ಜೊತೆಗೂ ಹೋಲಿಸಿದರೆ ಮೋಸ ಬಯಲಾಗುತ್ತದೆ. ಉಬ್ಬಿದ್ದರ ಜೊತೆ ಕೂಡುವುದು ತಗ್ಗಿದ್ದರ ಜೊತೆ ಕೂಡುವುದಿಲ್ಲ. ನೀಲಿ ಬಣ್ಣ ತೆಳುವಾಗಿ ಬಳಿದು, ಒಂದರ ಮೇಲೊಂದು ಇಟ್ಟು, ನೀಲಿ ಅಂಟಿದ ಎತ್ತರದ ಚುಕ್ಕೆಗಳನ್ನು ಕೆರೆದು ತೆಗೆಯುತ್ತಾ, ಮೂರೂ ಜೋಡಿಗಳು ಕೂಡುವವರೆಗೆ ಸುತ್ತು ಹಾಕಬೇಕು. ಜೋಸೆಫ್ ವಿಟ್‌ವರ್ತ್ 1840ರಲ್ಲಿ ಈ ವಿಧಾನವನ್ನು ಬ್ರಿಟನ್ನಿನ ವಿಜ್ಞಾನಿಗಳ ಮುಂದೆ ಇಟ್ಟರು. ಮೊದಲ ಸಪಾಟು ಹುಟ್ಟಲು ಬೇರೆ ಸಪಾಟು ಬೇಕಿಲ್ಲ.

ನಮ್ಮದು ಕರಿಕಲ್ಲಿನ ಪ್ಲೇಟ್. ಎರಕದ ಕಬ್ಬಿಣದ ಮೇಲೆ ಏನಾದರೂ ಬಿದ್ದರೆ ಗಾಯದ ಸುತ್ತ ಅಂಚು ಏಳುತ್ತದೆ, ಕಲ್ಲಾದರೆ ಚೂರು ಹಾರಿ ಗುಳಿ ಬೀಳುತ್ತದೆ ಅಷ್ಟೆ, ಸುತ್ತಲಿನ ಮಟ್ಟ ಕೆಡುವುದಿಲ್ಲ. ಹಾಗೆಂದು ಅದರ ಮೇಲೆ ಟಿಫಿನ್ ಬಾಕ್ಸ್ ಇಡಬಾರದು. ಆಯುಧಪೂಜೆಯ ದಿನ ಲೇತ್, ಡ್ರಿಲ್ಲಿಂಗ್ ಮೆಷಿನ್, ವೈಸ್ ಎಲ್ಲದಕ್ಕೂ ಅರಿಶಿನ, ಕುಂಕುಮ, ಚೆಂಡುಹೂವು. ಸರ್ಫೇಸ್ ಪ್ಲೇಟಿಗೆ ಮಾತ್ರ ಮೇಲ್ಗಡೆ ಏನನ್ನೂ ಹಚ್ಚುವುದಿಲ್ಲ, ಬೊಟ್ಟು ಅದರ ಸ್ಟ್ಯಾಂಡಿನ ಕಾಲಿಗೆ.